ಮೋಸಗಾರ ಹಾಕಿಕೊಟ್ಟ ಪಾಠಕ್ರಮ

1876ರಲ್ಲಿ ಲಂಡನ್ನಿನಿಂದ ‘ಮಾಡರ್ನ್ ಮ್ಯಾಜಿಕ್’ ಎಂಬ ದಪ್ಪ ಪುಸ್ತಕವೊಂದು ಹೊರಬಂತು. ಮುಖಪುಟದ ಮೇಲಿದ್ದ ಹೆಸರು ಪ್ರೊಫೆಸರ್ ಹಾಫ್‌ಮನ್. ಬರೆದವನು ಏಂಜೆಲೊ ಲೂಯಿಸ್ ಎಂಬ ಬ್ಯಾರಿಸ್ಟರು. ಇಸ್ಪೀಟಿನ ಕೈಚಳಕ ಕಲಿಯಬೇಕೆಂದು ಅದನ್ನು ಬಿಚ್ಚಿದವನಿಗೆ ಎದುರಾಗುತ್ತಿದ್ದ ಮೊದಲ ಪಟ್ಟು ‘ಪಾಸ್’. ನೋಡುಗನೊಬ್ಬ ಎಲೆಯೊಂದನ್ನು ಆರಿಸಿ, ನೋಡಿಕೊಂಡು, ಕಟ್ಟಿನ ನಡುವೆ ಮರಳಿ ಇಡುತ್ತಾನೆ. ಜಾದೂಗಾರನ ಕಿರುಬೆರಳು ಆ ಎಲೆಯ ಮೇಲೆ ನುಸುಳಿ ಸಂದು ಹಿಡಿದಿರುತ್ತದೆ. ರೆಪ್ಪೆ ಬಡಿಯುವಷ್ಟರಲ್ಲಿ ಕಟ್ಟಿನ ಮೇಲರ್ಧ ಕೆಳಕ್ಕೂ ಕೆಳಗಿನರ್ಧ ಮೇಲಕ್ಕೂ ಹೊರಳಿ, ನಡುವೆ ಇದ್ದ ಎಲೆ ತುದಿಯಲ್ಲಿ ಬಂದು ಕೂತಿರುತ್ತದೆ. ಎರಡೂ ಕೈ ಒಂದಾಗಿ ಕೆಲಸ ಮಾಡಬೇಕು, ಬೆರಳು ಅಲುಗಿದ್ದು ಕಾಣಬಾರದು, ಸದ್ದು ಬರಬಾರದು. 1948ರಲ್ಲಿ ಜೀನ್ ಹ್ಯೂಗಾರ್ಡ್ ಮತ್ತು ಫ್ರೆಡರಿಕ್ ಬ್ರೌ ಸೇರಿ ಬರೆದ ‘ದಿ ರಾಯಲ್ ರೋಡ್ ಟು ಕಾರ್ಡ್ ಮ್ಯಾಜಿಕ್’ ಪುಸ್ತಕದಲ್ಲಿ ಇದೇ ಪಾಸ್ ಬರುವುದು ಅರ್ಧ ಪುಸ್ತಕ ದಾಟಿದ ಮೇಲೆ. ಅಲ್ಲಿ ಮೊದಲ ಅಧ್ಯಾಯ ಎಲೆ ಕಲೆಸುವುದರ ಬಗ್ಗೆ. ಯಾವ ಆಟಗಾರನಿಗೂ ಬರುವ, ಯಾರೂ ಗಮನಿಸದ ಕೆಲಸದ ಬಗ್ಗೆ. ಈ ಎರಡು ಪುಸ್ತಕಗಳ ನಡುವೆ 72 ವರ್ಷ. ಆ ಅವಧಿಯಲ್ಲಿ ಪಾಠದ ಕ್ರಮ ತಲೆಕೆಳಗಾಯಿತು. ಹಾಗೆ ಮಾಡಿದ್ದು ರಂಗದ ಮೇಲಿನ ಜಾದೂಗಾರರಲ್ಲ, ಜೂಜಿನ ಮೇಜಿನ ಮೋಸಗಾರರು ಎಂಬುದು ನನ್ನ ವಾದ.

ಕ್ರಮ ಬದಲಾದದ್ದು ಅಷ್ಟು ದೊಡ್ಡ ಸಂಗತಿಯೇ ಎಂದು ಯಾರಾದರೂ ಕೇಳಬಹುದು. ಜಾದೂ ಎಂದರೆ ಗುಟ್ಟು, ಗುಟ್ಟು ಬಲ್ಲ ಗುರು ಅದನ್ನು ಮೆಚ್ಚಿನ ಶಿಷ್ಯನ ಕಿವಿಯಲ್ಲಿ ಉಸುರಿದರೆ ವಿದ್ಯೆ ಬಂದಂತೆ, ಎಂಬ ನಂಬಿಕೆ ನಮ್ಮಲ್ಲೂ ಇದೆ, ಯುರೋಪಿನಲ್ಲೂ ಇತ್ತು. ಇಸ್ಪೀಟಿನ ಮಟ್ಟಿಗಂತೂ ಈ ನಂಬಿಕೆ ನಿಲ್ಲುವುದಿಲ್ಲ. ಅದರ ಗುಟ್ಟುಗಳು 400 ವರ್ಷಗಳಿಗೂ ಹಿಂದಿನಿಂದ ಅಚ್ಚಿನಲ್ಲಿವೆ; ಕಾಸು ಕೊಟ್ಟವರಿಗೆಲ್ಲ ಸಿಕ್ಕಿವೆ. ಸಿಗದೆ ಇದ್ದದ್ದು ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಕಲಿಯಬೇಕು ಎಂಬ ತಿಳಿವಳಿಕೆ. ಸಂಗೀತ ಕಲಿಯಲು ಬಂದ ಮಗುವಿಗೆ ಮೇಷ್ಟ್ರು ಮಾಯಾಮಾಳವಗೌಳದ ಸರಳೆ ವರಸೆ ಹೇಳಿಕೊಡುತ್ತಾರೆಯೇ ಹೊರತು ಮೊದಲ ದಿನವೇ ಪಲ್ಲವಿಗೆ ಕೂರಿಸುವುದಿಲ್ಲ. ಆ ಕ್ರಮವನ್ನು ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುತ್ತದೆ. ಇಸ್ಪೀಟಿನ ವಿದ್ಯಾರ್ಥಿಗೆ ಅಂಥ ಸರಳೆ ವರಸೆ ಬಹುಕಾಲ ಇರಲೇ ಇಲ್ಲ. ಹಾಫ್‌ಮನ್ನನ ಪುಸ್ತಕ ಹಿಡಿದು ಕೂತ ಹುಡುಗ ಮೊದಲ ಪಟ್ಟಿನಲ್ಲೇ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಳ್ಳಬೇಕಿತ್ತು. ಅದು ಕೈಗೆ ಕೂರುವ ಮುನ್ನವೇ ಕಟ್ಟನ್ನು ಎತ್ತಿಟ್ಟವರು ಕಡಿಮೆಯಿರಲಾರರು.

ವಿಚಿತ್ರವೆಂದರೆ, ಇಂಗ್ಲಿಷಿನಲ್ಲಿ ಈ ವಿದ್ಯೆಯನ್ನು ಬಿಡಿಸಿ ಹೇಳಿದ ಮೊದಲ ಪುಸ್ತಕಗಳಲ್ಲೊಂದು ಸರಿಯಾದ ಕಡೆಯಿಂದಲೇ ಆರಂಭಿಸಿತ್ತು. 1584ರಲ್ಲಿ ರೆಜಿನಾಲ್ಡ್ ಸ್ಕಾಟ್ ‘ದಿ ಡಿಸ್ಕವರಿ ಆಫ್ ವಿಚ್‌ಕ್ರಾಫ್ಟ್’ ಬರೆದದ್ದು ಜಾದೂ ಕಲಿಸುವುದಕ್ಕಲ್ಲ. ಮಾಟಗಾತಿಯರೆಂದು ಬಡ ಮುದುಕಿಯರನ್ನು ಹಿಡಿದು ಗಲ್ಲಿಗೇರಿಸುತ್ತಿದ್ದ ಕಾಲವದು. ಜನ ಪವಾಡ ಎಂದುಕೊಂಡದ್ದರಲ್ಲಿ ಎಷ್ಟೋ ಬರೀ ಕೈಚಳಕ ಎಂದು ತೋರಿಸುವುದಕ್ಕೆ ಆತ ಗಾರುಡಿಗರ ವಿದ್ಯೆಯನ್ನು ಬಿಚ್ಚಿಟ್ಟ. ಇಸ್ಪೀಟಿನ ವಿಚಾರಕ್ಕೆ ಬಂದಾಗ ಆತ ಮೊದಲು ಹೇಳುವ ಮಾತು ಎಲೆ ಕಲೆಸುವುದನ್ನು ಕುರಿತದ್ದು: ಚುರುಕಾಗಿ ಕಲೆಸುತ್ತ, ಬೇಕಾದ ಎಲೆಯೊಂದನ್ನು ತಳದಲ್ಲೋ ತನಗೆ ಗೊತ್ತಿರುವ ಇನ್ನೊಂದು ಜಾಗದಲ್ಲೋ ಉಳಿಸಿಕೊಳ್ಳುವುದೇ ಇಲ್ಲಿನ ಮುಖ್ಯ ಕೆಲಸ ಎಂಬ ಅರ್ಥದ ಮಾತು. ನಾಲ್ಕು ಎಕ್ಕಗಳನ್ನು ನಾಲ್ಕು ಗುಲಾಮರಾಗಿ ತೋರಿಸುವ ಆಟವೆಲ್ಲ ಆಮೇಲೆ. ಗುರುತಿಲ್ಲದವರ ಜೊತೆ ದುಡ್ಡಿಟ್ಟು ಆಡಬೇಡಿ ಎಂದೂ ಆತ ಎಚ್ಚರಿಸುತ್ತಾನೆ. ಸ್ಕಾಟ್‌ಗೆ ಹೇಳಿಕೊಟ್ಟವರಲ್ಲಿ ಲಂಡನ್ನಿನಲ್ಲಿ ಮೈಮುರಿದು ದುಡಿದು ಬದುಕುತ್ತಿದ್ದ ಜಾನ್ ಕೌಟಾರೆಸ್ ಎಂಬ ಫ್ರೆಂಚನೊಬ್ಬನಿದ್ದ. ಅಂದರೆ ಈ ತಿಳಿವಳಿಕೆ ಬಂದದ್ದು ಬೀದಿಯಿಂದ. ಅಲ್ಲಿ ಗಾರುಡಿಗನಿಗೂ ಜೂಜುಕೋರನಿಗೂ ನಡುವೆ ದೊಡ್ಡ ಗೋಡೆಯೇನೂ ಇರಲಿಲ್ಲ.

ಗೋಡೆ ಎದ್ದದ್ದು 19ನೇ ಶತಮಾನದಲ್ಲಿ. ಅದನ್ನು ಕಟ್ಟಿದವರಲ್ಲಿ ಮುಖ್ಯನಾದವನು ಫ್ರಾನ್ಸಿನ ಬ್ಲುವಾ ಊರಿನ ಗಡಿಯಾರ ತಯಾರಕ ರಾಬರ್ಟ್ ಹೌಡಿನ್. ತನ್ನ ಆತ್ಮಕಥೆಯಲ್ಲಿ ಅವನು ಹೇಳಿಕೊಂಡಂತೆ, ಗಡಿಯಾರದ ಕುಶಲವಿದ್ಯೆಯ ಪುಸ್ತಕ ಕೇಳಿದ್ದಕ್ಕೆ ಅಂಗಡಿಯವನು ಕಣ್ತಪ್ಪಿ ಜಾದೂ ಆಟಗಳ ಸಂಪುಟ ಕೊಟ್ಟನಂತೆ. ಆತ್ಮಕಥೆಯನ್ನೂ ಸೊಗಸಾಗಿ ಪ್ರದರ್ಶಿಸಿದವನು ಅವನು, ಹಾಗಾಗಿ ಈ ಕಥೆಯನ್ನು ಪೂರ್ತಿ ನಂಬಬೇಕಿಲ್ಲ. ಆದರೆ ಅಲ್ಲೇ ಬರುವ ಇನ್ನೊಂದು ಮಾತು ನಮ್ಮ ವಿಷಯಕ್ಕೆ ಬೇಕಾದದ್ದು: ಪುಸ್ತಕ ಆಟಗಳನ್ನು ವಿವರಿಸುತ್ತಿತ್ತು, ಆಡಲು ಬೇಕಾದ ಕೈ ಓದುಗನಿಗೆ ಆಗಲೇ ಇದೆ ಎಂದುಕೊಂಡಿತ್ತು. ಕೊನೆಗೆ ಅವನು ಕೋಟಿನ ಎರಡೂ ಬದಿ ದೊಡ್ಡ ಜೇಬು ಹೊಲಿಸಿಕೊಂಡು, ಒಳಗೇ ಬೆರಳಾಡಿಸಿ ಸಾಧನೆ ಮಾಡಬೇಕಾಯಿತು. 1845ರಲ್ಲಿ ಪ್ಯಾರಿಸ್ಸಿನ ಪಾಲೆ ರೋಯಲ್‌ನಲ್ಲಿ ಅವನ ರಂಗಮಂದಿರ ತೆರೆಯಿತು. ಜಾದೂಗಾರ ಸಂತೆಯ ನಿಲುವಂಗಿ ಬಿಟ್ಟು ಮನೆಯೊಡೆಯನ ಸಂಜೆಯ ಉಡುಪು ತೊಟ್ಟ. 1868ರಲ್ಲಿ ಅವನು ಬರೆದ ಪಾಠಪುಸ್ತಕ ಬೆರಳು ಎಲ್ಲಿರಬೇಕು, ಎಲೆ ಎಲ್ಲಿ ತಾಗಬೇಕು ಎಂಬುದನ್ನು ಹಿಂದಿನ ಯಾರೂ ಹೇಳದಷ್ಟು ನಿಖರವಾಗಿ ಹೇಳಿತು. ಅದನ್ನು ಇಂಗ್ಲಿಷಿಗೆ ತಂದವನು ಇದೇ ಹಾಫ್‌ಮನ್. ರಂಗಕ್ಕೆ ಪಾಸ್ ಒಗ್ಗುತ್ತದೆ. ನೋಡುಗರು ದೂರದಲ್ಲಿರುತ್ತಾರೆ, ಜಾದೂಗಾರ ಒಂದು ಹೆಜ್ಜೆ ಮುಂದಿಡುತ್ತಾನೆ, ಒಂದು ಮಾತಾಡುತ್ತಾನೆ, ಅಷ್ಟರಲ್ಲಿ ಕೈಯ ಚಿಕ್ಕ ಅಲುಗಾಟ ಮುಚ್ಚಿಹೋಗುತ್ತದೆ. ಹೀಗೆ ಪಾಸ್ ಇಸ್ಪೀಟಿನ ವಿದ್ಯೆಗೆ ಹೆಬ್ಬಾಗಿಲಾಯಿತು, ಕಲೆಸುವುದು ಅದರ ಹಿಂದೆ ಬರುವ ಬಾಲವಾಯಿತು. ಕಲೆಸಿದಂತೆ ನಟಿಸುವ ಪಟ್ಟುಗಳು ಹಾಫ್‌ಮನ್ನನಲ್ಲೂ ಇವೆಯಲ್ಲ ಎಂದು ಬಲ್ಲವರು ಆಕ್ಷೇಪಿಸಬಹುದು. ಇವೆ. ಆದರೆ ಅಲ್ಲಿ ಅವು ಪಾಸ್ ಮಾಡಿದ ಮೇಲೆ ಅನುಮಾನ ಕಳೆಯುವುದಕ್ಕೆ ಬರುತ್ತವೆ. ಕೆಲಸವನ್ನೆಲ್ಲ ಕಲೆಸುವುದರ ಒಳಗೇ ಮುಗಿಸಿಬಿಡಬಹುದು, ಪಾಸ್ ಬೇಕೇ ಇಲ್ಲ ಎಂಬ ಆಲೋಚನೆ ಪಾಠದ ತಳಹದಿಯಾಗಿರಲಿಲ್ಲ.

ಆ ಆಲೋಚನೆಯನ್ನು ಒಂದು ಪದ್ಧತಿಯಾಗಿ ಕಟ್ಟಿದ ಪುಸ್ತಕ 1902ರಲ್ಲಿ ಶಿಕಾಗೋದಲ್ಲಿ ಲೇಖಕನ ಸ್ವಂತ ಖರ್ಚಿನಲ್ಲಿ ಅಚ್ಚಾಯಿತು: ‘ದಿ ಎಕ್ಸ್‌ಪರ್ಟ್ ಅಟ್ ದಿ ಕಾರ್ಡ್ ಟೇಬಲ್’. ಲೇಖಕನ ಹೆಸರು ಎಸ್. ಡಬ್ಲ್ಯು. ಅರ್ಡ್‌ನೇಸ್ ಎಂದಿದೆ, ಅದು ಕಳ್ಳಹೆಸರು, ಅವನು ಯಾರೆಂದು ಇವತ್ತಿಗೂ ಇತ್ಯರ್ಥವಾಗಿಲ್ಲ. ಎಂ. ಡಿ. ಸ್ಮಿತ್ ಎಂಬ ಕಲಾವಿದ ಅವನ ಕೈಗಳನ್ನು ನೋಡಿ ಬರೆದ ಚಿತ್ರಗಳು 101 ಇವೆ. ಅದಕ್ಕೂ ಮೊದಲು, 1894ರಲ್ಲಿ, ಲಂಡನ್ನಿನ ಜಾದೂಗಾರ ಜಾನ್ ನೆವಿಲ್ ಮ್ಯಾಸ್ಕಲಿನ್ ಜೂಜಿನ ಮೋಸಗಳನ್ನು ಬಯಲು ಮಾಡುವ ಪುಸ್ತಕ ಬರೆದಿದ್ದ. ಅಂಥ ಪುಸ್ತಕಗಳು ಸಾರ್ವಜನಿಕರ ಹಿತಕ್ಕೆ ಎಂದು ಹೇಳಿಕೊಳ್ಳುತ್ತಿದ್ದವು. ಅರ್ಡ್‌ನೇಸ್‌ಗೆ ಆ ಸೋಗು ಬೇಕಿರಲಿಲ್ಲ. ಇದನ್ನು ಓದಿ ಸಾಧುಗಳು ಕೆಡುವುದಿಲ್ಲ, ಮೂರ್ಖರು ಜಾಣರಾಗುವುದೂ ಇಲ್ಲ, ನನಗೆ ದುಡ್ಡು ಬೇಕಾಗಿದೆ, ಪುಸ್ತಕ ಖರ್ಚಾದರೆ ಸಾಕು ಎಂಬ ಧಾಟಿಯಲ್ಲಿ ಮುನ್ನುಡಿ ಮುಗಿಸಿದ. ಇಸ್ಪೀಟಿನ ಸಾಹಿತ್ಯದಲ್ಲಿ ಇಷ್ಟು ಪ್ರಾಮಾಣಿಕ ಮುನ್ನುಡಿ ಬರೆದವನು ಮೋಸಗಾರನೇ ಆಗಬೇಕಾಯಿತು ನೋಡಿ.

ಮೋಸಗಾರನ ಪರಿಸ್ಥಿತಿ ಜಾದೂಗಾರನದ್ದಲ್ಲ. ಅವನಿಗೆ ರಂಗವಿಲ್ಲ, ಮಾತಿನ ಮರೆಯಿಲ್ಲ. ಎದುರಿಗಿರುವವರು ಒಂದು ಮೊಳ ದೂರದಲ್ಲಿ ಕೂತು, ತಮ್ಮ ದುಡ್ಡಿಗಾಗಿ ಅವನ ಕೈಯನ್ನೇ ನೋಡುತ್ತಿರುತ್ತಾರೆ. ಆಟದಲ್ಲಿ ಎಲ್ಲರೂ ಮಾಡುವ ಕೆಲಸಗಳು ಮೂರೇ: ಕಲೆಸುವುದು, ಕತ್ತರಿಸುವುದು, ಹಂಚುವುದು. ಅವನ ವಿದ್ಯೆಯೆಲ್ಲ ಈ ಮೂರರೊಳಗೇ ಅಡಗಬೇಕು. ಆದ್ದರಿಂದಲೇ ಅರ್ಡ್‌ನೇಸ್ ಕಲೆಸುವ ಪದ್ಧತಿಗೆ ಅಗ್ರಪೂಜೆ ಮಾಡಿದ. ಪ್ರತಿ ಸಲವೂ ಒಂದೇ ರೀತಿ ಕೈಯಾಡಿಸಬೇಕೆಂಬುದಕ್ಕೆ ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟ. ಪಾಸ್‌ನ ಬಗ್ಗೆ, ಇಸ್ಪೀಟಿನ ಮೇಜಿನ ಮೇಲೆ ಸಹಜವಾಗಿ ಕಾಣುವಂಥ ಪಾಸ್ ಅನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ ಎಂಬ ತೀರ್ಮಾನ ಕೊಟ್ಟ. ಅವನ ಮೂಲ ಪಟ್ಟು ಹೇಳಲು ಸರಳ. ಬೇಕಾದ ಎಲೆ ಎಡಗೈಯಲ್ಲಿರುವ ಎಲೆಗಳ ಮೇಲಿದೆ. ಬಲಗೈಯಿಂದ ಅದರ ಮೇಲೆ ಬೀಳುವ ಮೊದಲ ಎಲೆ ಕೂದಲೆಳೆಯಷ್ಟಲ್ಲದಿದ್ದರೂ ಕಾಲಂಗುಲದಷ್ಟು ಮೈಕಡೆಗೆ ಸರಿದು ಚಾಚಿಕೊಂಡಿರುತ್ತದೆ. ಉಳಿದ ಎಲೆಗಳನ್ನು ಅದರ ಮೇಲೆ ಮಾಮೂಲಿನಂತೆ ಕಲೆಸಿ ಹಾಕುವುದು. ಆಮೇಲೆ ಹೆಬ್ಬೆರಳು ಆ ಚಾಚನ್ನು ತಡವಿ ಹುಡುಕಿ, ಅದರ ಕೆಳಗಿರುವುದನ್ನೆಲ್ಲ ಎತ್ತಿ ಮೇಲೆ ಹಾಕಿದರೆ ಬೇಕಾದ ಎಲೆ ಮತ್ತೆ ತುದಿಗೇ ಬರುತ್ತದೆ. ಕಲೆಸಿದ್ದನ್ನು ನಾಲ್ಕು ಜನ ಕಣ್ಣಾರೆ ಕಂಡಿರುತ್ತಾರೆ. ಪಾಸ್‌ಗೆ ಬೇಕಾದ ವೇಗ ಇಲ್ಲಿ ಬೇಡ; ನಿಧಾನವಾದಷ್ಟೂ ಒಳ್ಳೆಯದು. ಮೇಜಿನ ಮೇಲೆ ಸಿಕ್ಕಿಬೀಳದೆ ಇರಲು ಹುಟ್ಟಿದ ಪಟ್ಟು, ಕೈ ಇನ್ನೂ ಪಳಗದ ಕಲಿಕೆಯವನಿಗೆ ಅತಿ ಸುಲಭವಾದ ಮೊದಲ ಮೆಟ್ಟಿಲೂ ಆಗಿಬಿಟ್ಟಿತು. ಮೋಸಗಾರ ಇದನ್ನು ಉದ್ದೇಶಿಸಿರಲಿಲ್ಲ. ಅವನ ಅಗತ್ಯವೂ ವಿದ್ಯಾರ್ಥಿಯ ಅಗತ್ಯವೂ ಒಂದೇ ಜಾಗದಲ್ಲಿ ಬಂದು ಕೂಡಿದವು, ಅಷ್ಟೆ.

ಈ ಪುಸ್ತಕವನ್ನು ಜಾದೂಗಾರರ ಲೋಕಕ್ಕೆ ಹೊತ್ತು ತಂದವರಲ್ಲಿ ಮೊದಲಿಗನೆಂದು ಡಾಯ್ ವರ್ನನ್‌ನನ್ನು ಹೇಳಬೇಕು. 1894ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಹುಟ್ಟಿದ ಅವನು ಹುಡುಗನಾಗಿದ್ದಾಗಲೇ ಅರ್ಡ್‌ನೇಸ್‌ನನ್ನು ಬಾಯಿಪಾಠ ಮಾಡಿದ್ದ. 90 ತುಂಬಿದ 1984ರಲ್ಲಿ ಅದೇ ಪುಸ್ತಕಕ್ಕೆ ಅವನು ಬರೆದ ಟಿಪ್ಪಣಿಗಳು ಅಚ್ಚಾದವು. ಅವನು ಹೊಸತನ್ನು ಹುಡುಕಿಕೊಂಡು ಹೋದದ್ದು ರಂಗಮಂದಿರಗಳಿಗಲ್ಲ, ಜೂಜಿನ ಅಡ್ಡೆಗಳಿಗೆ. 1932ರ ಸುಮಾರಿಗೆ, ಕಟ್ಟಿನ ನಡುವಿನಿಂದ ಎಲೆ ಹಂಚುವವನೊಬ್ಬನಿದ್ದಾನೆ ಎಂಬ ಸುದ್ದಿ ಕ್ಯಾನ್ಸಸ್ ರಾಜ್ಯದ ವಿಚಿಟಾದ ಜೈಲಿನಲ್ಲಿದ್ದ ಜೂಜುಕೋರನೊಬ್ಬನಿಂದ ಕಿವಿಗೆ ಬಿತ್ತು. ಅದರ ಜಾಡು ಹಿಡಿದು ಹೋಗಿ ಮಿಸೌರಿಯ ಪ್ಲೆಸೆಂಟ್ ಹಿಲ್ ಎಂಬ ಸಣ್ಣ ಊರಿನಲ್ಲಿ ಅಲೆನ್ ಕೆನಡಿಯನ್ನು ಕಂಡುಹಿಡಿದ, ಪಟ್ಟನ್ನು ಕಲಿತ. ಈ ಪ್ರಸಂಗ ನನ್ನ ವಾದಕ್ಕೆ ವಿರುದ್ಧವಾಗಿಯೂ ನಿಲ್ಲಬಹುದು. ಪುಸ್ತಕದಿಂದ ವಿದ್ಯೆ ಬರುವುದಿದ್ದರೆ, ಅರ್ಡ್‌ನೇಸ್‌ನನ್ನು ಅರೆದು ಕುಡಿದವನು ಜೂಜುಕೋರನ ಮನೆ ಬಾಗಿಲು ತಟ್ಟಬೇಕಿತ್ತೇಕೆ? ಒಪ್ಪಬೇಕಾದ ಮಾತು: ಎಲೆಯ ಮೇಲೆ ಬೆರಳಿನ ಒತ್ತಡ ಎಷ್ಟಿರಬೇಕು ಎಂಬುದನ್ನು ಯಾವ ಚಿತ್ರವೂ ಹೇಳಲಾರದು, ಕೈಯನ್ನು ನೋಡಿ ಕಲಿಯುವುದಕ್ಕೆ ಸಾಟಿಯಿಲ್ಲ. ಆದರೆ ವರ್ನನ್ ಹೋದದ್ದು ಮೊದಲ ಪಾಠಕ್ಕಲ್ಲ, ಕೊನೆಯ ಪಾಠಕ್ಕೆ. ಮೊದಲ ಪಾಠ ಪುಸ್ತಕದಿಂದ ಆಗಿತ್ತು, ಅದೂ ಮೋಸಗಾರನ ಪುಸ್ತಕದಿಂದ. ಕೊನೆಯ ಪಾಠಕ್ಕೂ ಅವನು ಅದೇ ಕುಲದವರ ಬಳಿ ಹೋಗಬೇಕಾಯಿತು. ಪಾಸ್‌ ಅನ್ನು ಜೀವನವಿಡೀ ಬಳಸಿ ಮೆರೆದ ಉಸ್ತಾದರೂ ಇದ್ದಾರೆ. ಅವರಿಗೆ ಅದು ಒಪ್ಪುವುದು ಅವರ ಕೈ ಪಳಗಿದ್ದರಿಂದ, ಅದು ಮೊದಲ ಪಾಠವಾಗಬೇಕೆಂಬುದಕ್ಕೆ ಅವರ ಸಾಧನೆ ಸಾಕ್ಷಿಯಾಗದು.

ಹ್ಯೂಗಾರ್ಡ್ ಮತ್ತು ಬ್ರೌ ಮಾಡಿದ್ದು ಈ ಜೂಜಿನ ಬಂಡವಾಳವನ್ನು ಮನೆಮಾತಾಗಿಸುವ ಕೆಲಸ. ಹ್ಯೂಗಾರ್ಡ್ ಆಸ್ಟ್ರೇಲಿಯಾದಲ್ಲಿ ಹುಟ್ಟಿ ರಂಗದ ಮೇಲೆ ಪಳಗಿದ ಜಾದೂಗಾರ; ಬ್ರೌ ಪತ್ರಿಕೆಯವನು. ಮೊದಲ ಅಧ್ಯಾಯದಲ್ಲಿ ಅವರು ಬಳಸುವ ಪದಗಳೂ ಅರ್ಡ್‌ನೇಸ್‌ನ ಪರಿಭಾಷೆಯವೇ: ಎಲೆ ಚಾಚಿಸುವುದು ‘ಜಾಗ್’, ಒಂದೊಂದೇ ಎಲೆ ಬೀಳಿಸುವುದು ‘ರನ್’, ಸಂದು ಹಿಡಿಯುವುದು ‘ಬ್ರೇಕ್’. ಅವರು ಹೊಸದಾಗಿ ಸೇರಿಸಿದ್ದು, ಪ್ರತಿ ಅಧ್ಯಾಯದಲ್ಲೂ ಆ ಒಂದು ಪಟ್ಟಿನಿಂದಲೇ, ಅಥವಾ ಹಿಂದೆ ಕಲಿತವುಗಳ ಜೊತೆ ಸೇರಿಸಿ, ಆಡಬಹುದಾದ ಆಟಗಳು. ವಿದ್ಯಾರ್ಥಿ ಮೊದಲ ಅಧ್ಯಾಯ ಮುಗಿಸುವಷ್ಟರಲ್ಲೇ ಮನೆಯವರ ಮುಂದೆ ಆಡಿ ತೋರಿಸಬಲ್ಲ. ಕಲೆಸುವುದಾದ ಮೇಲೆ ತಳದ ಎಲೆಯನ್ನು ಜಾರಿಸುವುದು, ಎಲೆಯ ಮೇಲೆ ಕದ್ದು ಕಣ್ಣು ಹಾಯಿಸುವುದು, ಅಂಗೈಯಲ್ಲಿ ಬಚ್ಚಿಡುವುದು, ಎರಡೆಲೆಯನ್ನು ಒಂದರಂತೆ ಎತ್ತುವುದು. ಇಷ್ಟೆಲ್ಲ ಆಗಿ ಕೈಗೆ ಧೈರ್ಯ ಬಂದ ಮೇಲೆ ಪಾಸ್. ಎರಡೆಲೆ ಎತ್ತುವ ಪಟ್ಟಿನಲ್ಲೇ ವರ್ನನ್ 1922ರಲ್ಲಿ ಶಿಕಾಗೋದ ಹೋಟೆಲೊಂದರಲ್ಲಿ ಪ್ರಸಿದ್ಧ ಜಾದೂಗಾರ ಹೌದಿನಿಯನ್ನು ಮತ್ತೆ ಮತ್ತೆ ಮಂಕುಮಾಡಿದ್ದು. ಒಂದು ಕಾಲಕ್ಕೆ ‘ಇಸ್ಪೀಟಿನ ರಾಜ’ ಎಂದು ಜಾಹೀರಾತು ಹಾಕಿಸಿಕೊಂಡಿದ್ದ ಹೌದಿನಿಗೆ ಗುಟ್ಟು ಹೊಳೆಯಲಿಲ್ಲ.

ಈ ಪುಸ್ತಕದಲ್ಲಿ ಪಾಸ್‌ನಿಂದಾಚೆ ಬರುವ ಒಂದು ಅಧ್ಯಾಯ ಕನ್ನಡದ ಓದುಗನನ್ನು ತಡೆದು ನಿಲ್ಲಿಸುತ್ತದೆ. ಅದರ ವಿಷಯ ‘ಹಿಂದೂ ಷಫಲ್’. ಕಟ್ಟನ್ನು ಒಂದು ಕೈಯಲ್ಲಿ ಮೇಲಿನಿಂದ ಹಿಡಿದು, ಇನ್ನೊಂದು ಕೈಯ ಬೆರಳುಗಳಿಂದ ಮೇಲಿನ ಎಲೆಗಳನ್ನು ಸಣ್ಣ ಸಣ್ಣ ಗುಂಪಾಗಿ ಸೆಳೆದು ಅಂಗೈಗೆ ಬೀಳಿಸಿಕೊಳ್ಳುವ ವಿಧಾನ. ನಮ್ಮ ಜಗುಲಿಗಳಲ್ಲಿ, ಮದುವೆಮನೆಗಳಲ್ಲಿ, ರೈಲಿನ ಬೋಗಿಗಳಲ್ಲಿ ಜನ ಇಸ್ಪೀಟು ಕಲೆಸುವುದು ಬಹುಪಾಲು ಹೀಗೆಯೇ. ಅಮೆರಿಕದ ವಿದ್ಯಾರ್ಥಿಗೆ ಇದು ಪರದೇಶದ ಪಟ್ಟು, ಆದ್ದರಿಂದ ಹಿಂದಕ್ಕೆ ಹೋಯಿತು. ಮೋಸಗಾರನ ನಿಯಮವನ್ನು ಅಕ್ಷರಶಃ ಪಾಲಿಸುವುದಾದರೆ, ಮೇಜಿನ ಸುತ್ತ ಕೂತವರಿಗೆ ಮಾಮೂಲಾಗಿ ಕಾಣುವುದೇ ಮೊದಲ ಪಾಠವಾಗಬೇಕು. ಹಾಗಾದಾಗ ಕರ್ನಾಟಕದಲ್ಲಿ ಕಟ್ಟು ಕೈಗೆತ್ತಿಕೊಳ್ಳುವ ಹುಡುಗನೋ ಹುಡುಗಿಯೋ ಹ್ಯೂಗಾರ್ಡ್‌ನ ಮೊದಲ ಅಧ್ಯಾಯವನ್ನು ಬದಿಗಿಟ್ಟು, ಸೀದಾ ಈ ಅಧ್ಯಾಯ ತೆರೆಯುವುದೇ ಸರಿ. ಇದರಲ್ಲಿ ಎಲೆಗಳು ಮೇಲಿನಿಂದ ಹೋಗುವುದರಿಂದ, ಕೊನೆಯ ಗುಂಪು ಬೀಳುವವರೆಗೂ ತಳದ ಎಲೆ ಕದಲುವುದಿಲ್ಲ. ಸ್ಕಾಟ್ 1584ರಲ್ಲಿ ತಳದಲ್ಲಿ ಉಳಿಸಿಕೊಳ್ಳಿ ಎಂದ ಎಲೆಯನ್ನು ಇಲ್ಲಿ ಅಲ್ಲಿಯವರೆಗೆ ಉಳಿಸಿಕೊಳ್ಳುವುದಕ್ಕೆ ಕೈ ಬೇರೇನೂ ಮಾಡಬೇಕಾಗಿಲ್ಲ.