ಕಣ್ಣಿಗೆ ಹಬ್ಬ, ಮನಸ್ಸಿಗೆ ಉಪವಾಸ: ಗ್ರಾಫಿಕ್ಸ್ ಕಥೆಯನ್ನು ಕಾಪಾಡೀತೇ?

ಚಿಕ್ಕಬಳ್ಳಾಪುರದ ಸ್ಕಂದಗಿರಿಯನ್ನು ಮುಂಜಾನೆ ಏರಿದವರಿಗೆ ಆ ನೋಟ ಪರಿಚಿತ. ಸುಮಾರು 1,450 ಮೀಟರ್ ಎತ್ತರದ ಬೆಟ್ಟದ ತುದಿಯಲ್ಲಿ ನಿಂತರೆ ಚಳಿಗಾಲದ ಮೋಡಗಳು ಕಾಲ ಕೆಳಗೆ ಹಾಲ್ಗಡಲಿನಂತೆ ಹರಡಿರುತ್ತವೆ. ಬಿಸಿಲೇರಿದಂತೆ ಮೋಡ ಕರಗುತ್ತದೆ; ಉಳಿಯುವುದು ಬಂಡೆ ಮತ್ತು ಪಾಳುಬಿದ್ದ ಕೋಟೆಯ ಗೋಡೆ. ಇಂತಹ ನೋಟವನ್ನು ಇಂದು ಬೆಟ್ಟ ಹತ್ತದೆಯೇ ಕಂಪ್ಯೂಟರ್ ಮುಂದೆ ಕುಳಿತು ಸೃಷ್ಟಿಸಬಹುದು. ಆದರೆ ದೃಶ್ಯವೈಭವದ ಮಂಜು ಸರಿದ ಮೇಲೆ ಚಿತ್ರದಲ್ಲಿ ನಿಲ್ಲುವಂಥದ್ದು ಏನಾದರೂ ಇದೆಯೇ? ಕಥೆ ಸೊರಗಿದ್ದರೆ ಗ್ರಾಫಿಕ್ಸ್ ಅದನ್ನು ಕಾಪಾಡಬಲ್ಲದೇ?

ಉತ್ತರಕ್ಕಾಗಿ ಹಾಲಿವುಡ್‌ಗೆ ಹೋಗಬೇಕಿಲ್ಲ. ಕನ್ನಡದಲ್ಲಿಯೇ ಒಂದೇ ಹೆಸರಿನ ಎರಡು ಚಿತ್ರಗಳು ಇದಕ್ಕೆ ಸಾಕ್ಷಿಯಾಗಿವೆ.

ಎರಡು 'ನಾಗರಹಾವು'

ಮೊದಲನೆಯದು 1972ರ 'ನಾಗರಹಾವು'. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಈ ಚಿತ್ರ ವಿಷ್ಣುವರ್ಧನ್ ಅವರನ್ನು ನಾಯಕನಟನನ್ನಾಗಿ ರೂಪಿಸಿತು. ಇಲ್ಲಿಯೂ ದೃಶ್ಯವೈಭವಕ್ಕೆ ಕೊರತೆಯಿರಲಿಲ್ಲ. ಚಿತ್ರದುರ್ಗದ ಕಲ್ಲಿನ ಕೋಟೆ ಚಿತ್ರದ ಉದ್ದಕ್ಕೂ ಒಂದು ಪಾತ್ರದಂತೆಯೇ ಇದೆ. ಹಾಡೊಂದರಲ್ಲಿ ಬಳಸಿದ ನಿಧಾನ ಚಲನೆಯ ಚಿತ್ರೀಕರಣ ಅಂದಿನ ಪ್ರೇಕ್ಷಕರಿಗೆ ಹೊಸ ಅನುಭವವಾಗಿತ್ತು. ಆದರೆ ಶೀರ್ಷಿಕೆಯ ಹಾವು ತೆರೆಯ ಮೇಲೆ ಹೆಡೆಯೆತ್ತಿ ಬರುವ ಅಗತ್ಯವೇ ಬೀಳಲಿಲ್ಲ. ಅದು ರಾಮಾಚಾರಿಯ ಸಿಟ್ಟಿನಲ್ಲಿಯೇ ಇತ್ತು. ಅಂತ್ಯದಲ್ಲಿ ಚಾಮಯ್ಯ ಮೇಷ್ಟ್ರು ಬೆಟ್ಟದಿಂದ ಉರುಳಿದಾಗ ಎದೆ ಝಲ್ಲೆನ್ನುವುದು ಬೆಟ್ಟದ ಎತ್ತರದಿಂದಲ್ಲ, ಗುರುಶಿಷ್ಯರ ನಡುವಿನ ಮಮತೆಯನ್ನು ಪ್ರೇಕ್ಷಕ ಅದುವರೆಗೆ ಕಂಡಿರುವುದರಿಂದ.

ಎರಡನೆಯದು 2016ರ ಅಕ್ಟೋಬರ್ 14ರಂದು ತೆರೆಕಂಡ 'ನಾಗರಹಾವು'. ಮೊದಲಿನ ಕಥೆಗೂ ಇದಕ್ಕೂ ಸಂಬಂಧವಿಲ್ಲ. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ನಿಧನರಾಗಿದ್ದರು. ಸುಮಾರು ಏಳು ವರ್ಷಗಳ ನಂತರ, ಬೇರೊಬ್ಬ ನಟನ ಮೈಕಟ್ಟಿಗೆ ಕಂಪ್ಯೂಟರ್‌ನಲ್ಲಿ ಮರುಸೃಷ್ಟಿಸಿದ ಅವರ ಮುಖವನ್ನು ಜೋಡಿಸಿ ತೆರೆಗೆ ತರಲಾಯಿತು. ಕನ್ನಡ ಚಿತ್ರರಂಗದ ಮಟ್ಟಿಗೆ ಅದು ಸಾಹಸವೇ ಸರಿ. ಅಗಲಿದ ನಟನನ್ನು ಮತ್ತೆ ಕಂಡ ಅಭಿಮಾನಿಗಳ ಭಾವುಕತೆಯೂ ಸಹಜವೇ. ಆದರೆ ಅಂತ್ಯದ ಆ ದರ್ಶನಕ್ಕೆ ಮುನ್ನ ಪ್ರೇಕ್ಷಕ ದಾಟಬೇಕಾಗಿದ್ದ ದಾರಿ ದೀರ್ಘವಾಗಿತ್ತು: ಪವಿತ್ರ ಕಲಶ, ಅದರ ರಕ್ಷಣೆಗೆ ಮರುಹುಟ್ಟು ಪಡೆದ ನಾಗಕನ್ನಿಕೆ, ಅಡಿಗಡಿಗೆ ಬದಲಾಗುವ ಹಾವಿನ ರೂಪ. ವಿಷ್ಣುವರ್ಧನ್ ಅವರ ಪ್ರವೇಶ ಬೆರಗು ಮೂಡಿಸಿತು. ಆ ಬೆರಗಿಗೆ ಕಥೆಯೊಳಗೆ ಬೇರು ಇರಲಿಲ್ಲ.

ನಿರ್ದೇಶಕ ಕೋಡಿ ರಾಮಕೃಷ್ಣ ಅವರಿಗೆ ಈ ವಿದ್ಯೆ ಹೊಸದಾಗಿರಲಿಲ್ಲ ಎಂಬುದು ಗಮನಾರ್ಹ. ತೆಲುಗಿನ 'ಅಮ್ಮೋರು' (1995) ಮತ್ತು 'ಅರುಂಧತಿ' (2009) ಅವರವೇ. ಅಲ್ಲಿ ಗ್ರಾಫಿಕ್ಸ್ ಬಂದಾಗಲೆಲ್ಲ ಅನ್ಯಾಯಕ್ಕೊಳಗಾದ ಹೆಣ್ಣೊಬ್ಬಳ ಪರವಾಗಿ ನಿಂತಿತು. ಕೈ ಅದೇ, ಕಸುಬು ಅದೇ, ಭಿನ್ನವಾಗಿದ್ದುದು ಕಥೆ.

ತಂತ್ರಕ್ಕೆ ವಯಸ್ಸಾಗುತ್ತದೆ

ತೆರೆಯ ಮೇಲಿನ ಮಾಯೆ ಕಂಪ್ಯೂಟರ್‌ನೊಂದಿಗೆ ಹುಟ್ಟಿದ್ದಲ್ಲ. 1957ರ 'ಮಾಯಾಬಜಾರ್' ಚಿತ್ರದಲ್ಲಿ ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲೆ ಕ್ಯಾಮೆರಾ ಕೈಚಳಕದಿಂದಲೇ ಘಟೋತ್ಕಚನ ಭೋಜನವನ್ನು ತೋರಿಸಿದರು. 1977ರ 'ಬಬ್ರುವಾಹನ'ದಲ್ಲಿ ಅರ್ಜುನನೂ ಬಬ್ರುವಾಹನನೂ ಆಗಿ ಡಾ. ರಾಜ್‌ಕುಮಾರ್ ಮುಖಾಮುಖಿಯಾದರು. ಇಂದಿನ ಕಣ್ಣಿಗೆ ಆ ತಂತ್ರ ಸರಳವೆನಿಸಬಹುದು. ಆದರೂ ತಂದೆ ಮಗನ ಆ ವಾಗ್ವಾದವನ್ನು ಜನ ಇಂದಿಗೂ ಮೈಮರೆತು ನೋಡುತ್ತಾರೆ. ತಾಯಿಯ ಮಾನದ ಪ್ರಶ್ನೆ ಹಳತಾಗಿಲ್ಲ.

ಹಾಗಾದರೆ 'ಅವತಾರ್'?

ಇಲ್ಲಿ ಪ್ರತಿವಾದವೊಂದಿದೆ. 2009ರ 'ಅವತಾರ್' ಚಿತ್ರದ ಕಥೆ ಹಳೆಯದೆಂದು ಟೀಕೆ ಬಂದರೂ ಅದು ವಿಶ್ವದಲ್ಲಿ ಅತಿ ಹೆಚ್ಚು ಗಳಿಸಿದ ಚಿತ್ರವಾಯಿತು. ಒಂಬತ್ತು ಆಸ್ಕರ್ ನಾಮಕರಣಗಳಲ್ಲಿ ಚಿತ್ರಕಥೆಯದು ಇರಲಿಲ್ಲ. ನಮ್ಮಲ್ಲಿಯೂ 2018ರ 'ಕೆ.ಜಿ.ಎಫ್' ವಿಶೇಷ ದೃಶ್ಯಪರಿಣಾಮಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದು ದೇಶದಾದ್ಯಂತ ಓಡಿತು. ಅದರ ಕಥೆಯೂ ಗಹನವಾದುದಲ್ಲ.

ಆದರೆ ಸರಳ ಕಥೆ ಬೇರೆ, ದುರ್ಬಲ ಕಥೆ ಬೇರೆ. 'ಕೆ.ಜಿ.ಎಫ್' ನಿಂತಿರುವುದು ತಾಯಿಗೆ ಮಗ ಕೊಟ್ಟ ಮಾತಿನ ಮೇಲೆ. ಅದು ಒಂದೇ ಸಾಲಿನ ಎಳೆ. ಆದರೆ ಗಟ್ಟಿಯಾದ ಎಳೆ. ಚಿನ್ನದ ಗಣಿಯ ಧೂಳು, ಕತ್ತಲೆ, ಬೆಂಕಿ ಎಲ್ಲವೂ ಅದಕ್ಕೇ ಪೋಣಿಸಿಕೊಂಡಿವೆ. 2022ರ 'ಕಾಂತಾರ'ದಲ್ಲಿಯೂ ಕೊನೆಯ ದೈವಾವೇಶ ನಡುಕ ಹುಟ್ಟಿಸುವುದು ಕಾಡಿನ ಭೂಮಿಗಾಗಿ ನಡೆದ ಹೋರಾಟವನ್ನು ಕಥೆ ಮೊದಲೇ ಕಟ್ಟಿಕೊಟ್ಟಿದ್ದರಿಂದ.

ನಷ್ಟ ಯಾರಿಗೆ?

ಇದು ಕೇವಲ ರಸವಿಮರ್ಶೆಯ ಪ್ರಶ್ನೆಯಲ್ಲ. ಗ್ರಾಫಿಕ್ಸ್ ದುಬಾರಿ ಮಾತ್ರವಲ್ಲ, ಹಟಮಾರಿಯೂ ಹೌದು. ನಟ ಹಸಿರು ಪರದೆಯ ಮುಂದೆ ಇಲ್ಲದ ಹಾವನ್ನು, ಇಲ್ಲದ ಅರಮನೆಯನ್ನು ಕಲ್ಪಿಸಿಕೊಂಡು ಅಭಿನಯಿಸುತ್ತಾನೆ. ನಂತರ ತಂತ್ರಜ್ಞರು ತಿಂಗಳುಗಟ್ಟಲೆ ಒಂದೊಂದು ಚೌಕಟ್ಟನ್ನೂ ತಿದ್ದುತ್ತಾರೆ. ಹಾಗೆ ಸಿದ್ಧವಾದ ದೃಶ್ಯ ಕಥೆಗೆ ಹೊಂದುತ್ತಿಲ್ಲವೆಂದು ಸಂಕಲನದ ಹೊತ್ತಿಗೆ ತಿಳಿದರೆ, ಅದನ್ನು ಕೈಬಿಡಲು ನಿರ್ಮಾಪಕನಿಗೆ ಮನಸ್ಸು ಬಾರದು. ಆಗ ದೃಶ್ಯವನ್ನು ಉಳಿಸಲು ಕಥೆಯನ್ನೇ ಬಾಗಿಸಲಾಗುತ್ತದೆ. ಬರವಣಿಗೆಯ ಹಂತದಲ್ಲಿ ಕಾಗದ ಹರಿದು ಸರಿಪಡಿಸಬಹುದಾಗಿದ್ದ ತಪ್ಪು ಹೀಗೆ ಕೋಟಿಗಳ ಲೆಕ್ಕಕ್ಕೆ ಬೆಳೆಯುತ್ತದೆ. ತಮಿಳು, ತೆಲುಗು, ಹಿಂದಿ ಚಿತ್ರಗಳೊಡನೆ ತನ್ನ ನೆಲದಲ್ಲಿಯೇ ಸೆಣಸಬೇಕಾದ ಕನ್ನಡ ಚಿತ್ರರಂಗಕ್ಕೆ ಈ ಪೆಟ್ಟು ಸಣ್ಣದಲ್ಲ.

ದೃಶ್ಯವೈಭವ ಪ್ರೇಕ್ಷಕನನ್ನು ಮೊದಲ ದಿನ ಚಿತ್ರಮಂದಿರದ ಬಾಗಿಲಿಗೆ ಕರೆತರಬಲ್ಲದು. ಎರಡನೆಯ ವಾರ ಅವನ ನೆರೆಮನೆಯವರನ್ನು ಕರೆತರುವುದು ಅವನು ಮನೆಗೆ ಹೋಗಿ ಹೇಳುವ ಕಥೆ. ಮೋಡ ನೋಡಲೆಂದೇ ಸ್ಕಂದಗಿರಿ ಏರುವವರು ಅನೇಕರು. ಆದರೆ ಆ ಮೋಡವನ್ನು ಮೇಲಿನಿಂದ ನೋಡಲು ಕಾಲ ಕೆಳಗೆ ಬೆಟ್ಟವೊಂದು ಇರಲೇಬೇಕು.