ಹುಯಿಲಿನಿಂದ ಸೈರನ್‌ವರೆಗೆ: ಒಂಟಿ ಮನೆಯ ಕಾವಲಿನ ಕಥೆ

ಕಳೆದ ಬೇಸಿಗೆಯಲ್ಲಿ ನಾವು ನಾಲ್ವರು ಸಾಗರ ತಾಲ್ಲೂಕಿನ ಒಂದು ತೋಟದ ಮನೆಗೆ ಹೋಗಿದ್ದೆವು. ಪತ್ರಿಕೋದ್ಯಮ ತರಗತಿಯಲ್ಲಿ ನಮ್ಮ ಜೊತೆ ಓದಿದ ಗೆಳೆಯನ ಮನೆ ಅದು. ಬಸ್ಸಿಳಿದು ಮಣ್ಣು ರಸ್ತೆಯಲ್ಲಿ ಎರಡು ಕಿಲೋಮೀಟರ್ ನಡೆಯಬೇಕು. ಮುಂದೆ ಅಡಿಕೆ ತೋಟ, ಹಿಂದೆ ಕಾಡು. ಮನೆಯಲ್ಲಿರುವುದು ಅವನ ಅಪ್ಪ, ಅಮ್ಮ ಇಬ್ಬರೇ. ಅವರಿಬ್ಬರೂ ನೆಂಟರ ಮದುವೆಗೆ ಹೋಗಿದ್ದ ಒಂದು ರಾತ್ರಿ, ಒಣಗಿಸಿಟ್ಟಿದ್ದ ಅಡಿಕೆಯ ಮೂರು ಮೂಟೆ ಮತ್ತು ಒಂದು ಚೀಲ ಕಾಳುಮೆಣಸು ಕಾಣೆಯಾಗಿದ್ದವು. ವರ್ಷದ ದುಡಿಮೆಯ ದೊಡ್ಡ ಪಾಲು ಅದು. ಅದಕ್ಕಿಂತ ಹೆಚ್ಚಾಗಿ, ಅಂದಿನಿಂದ ಅಮ್ಮನಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಗೆಳೆಯ ಬೆಂಗಳೂರಿನಿಂದಲೇ ಮೂರು ಬಗೆಯ ಅಲಾರಂ ನೋಡಿಟ್ಟಿದ್ದ. ಯಾವುದು ಒಳ್ಳೆಯದು ಎಂದು ನಾವು ವಾದ ಮಾಡುತ್ತಿದ್ದಾಗ, ಅಡುಗೆಮನೆಯಿಂದ ಬಂದ ಅವನ ಅಮ್ಮ ಒಂದೇ ಮಾತು ಕೇಳಿದರು: “ಇದು ಕೂಗಿರೆ ಯಾರಿಗೆ ಕೇಳ್ತು ತಮಾ?”

ನಮ್ಮಲ್ಲಿ ಉತ್ತರವಿರಲಿಲ್ಲ. ಊರಿಗೆ ಮರಳಿದ ಮೇಲೆ ನಾವು ಓದಿದ್ದು ಅಲಾರಂಗಳ ಬೆಲೆಪಟ್ಟಿಯನ್ನಲ್ಲ, ಅವುಗಳ ಚರಿತ್ರೆಯನ್ನು. ಒಂಟಿ ಮನೆಗಳು ಇಂದು ನಿನ್ನೆಯವಲ್ಲ. ಕಳ್ಳರೂ ಅಷ್ಟೆ. ಹಾಗಾದರೆ ನಮ್ಮ ಹಿಂದಿನವರು ಏನು ಮಾಡುತ್ತಿದ್ದರು?

ಶಾಸನದೊಳಗಿನ ಕೂಗು

ಕನ್ನಡದಲ್ಲಿ ಅಲಾರಂಗೆ ಹಳೆಯ ಪದವೊಂದಿದೆ. ಹಳಗನ್ನಡದಲ್ಲಿ ಅದು ‘ಪುಯ್ಯಲ್’, ಇಂದಿನ ನಮ್ಮ ಬಾಯಲ್ಲಿ ‘ಹುಯಿಲು’. ಆಪತ್ತಿನಲ್ಲಿ ಎಬ್ಬಿಸುವ ಕೂಗು ಎಂದು ಅದರ ಅರ್ಥ. ಕರ್ನಾಟಕದ ಉದ್ದಗಲಕ್ಕೂ ನಿಂತಿರುವ ವೀರಗಲ್ಲುಗಳಲ್ಲಿ ಬಹಳಷ್ಟು ‘ತುರುಗೋಳ್’ ಕಲ್ಲುಗಳು. ದನಗಳನ್ನು ಅಟ್ಟಿಕೊಂಡು ಹೋಗುತ್ತಿದ್ದವರನ್ನು ತಡೆಯಲು ಹೋಗಿ ಸತ್ತವರ ನೆನಪು ಅವು. ಅವುಗಳ ಹಿಂದೆಲ್ಲ ಒಂದು ಹುಯಿಲು ಇದ್ದಿರಲೇಬೇಕು. ಯಾರೋ ಕಂಡರು, ಕೂಗಿದರು, ಕೇಳಿದವರು ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿದರು.

ಇಂಗ್ಲಿಷಿನ ಅಲಾರಂ ಕೂಡ ಮೂಲದಲ್ಲಿ ಇಂಥದ್ದೇ. ಇಟಾಲಿಯನ್ ಭಾಷೆಯ ‘ಆಲ್ ಆರ್ಮೆ’, ಅಂದರೆ ‘ಆಯುಧ ಹಿಡಿಯಿರಿ’ ಎಂಬ ಕರೆಯಿಂದ ಅದು ಬಂದಿದೆ. ಎರಡೂ ಪದಗಳಲ್ಲಿ ಶಬ್ದಕ್ಕಿಂತ ಮುಖ್ಯವಾದದ್ದು ಶಬ್ದ ಕೇಳಿ ಎದ್ದು ಬರುವ ಜನ.

ನಾಯಿಯನ್ನೂ ಮರೆಯುವಂತಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ, ಕ್ರಿ.ಶ. 949-50ರ ಶಾಸನವೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲಂ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ, ಬಹುಮಾನವಾಗಿ ‘ಕಾಳಿ’ ಎಂಬ ನಾಯಿಯನ್ನು ಕೇಳಿ ಪಡೆದ. ಆ ನಾಯಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿತು, ಕೊನೆಗೆ ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಡಲಾಯಿತು. ಕಾಳಿ ಕಾವಲು ನಾಯಿಯಲ್ಲ, ಬೇಟೆ ನಾಯಿ. ಆದರೂ ಸಾವಿರ ವರ್ಷದ ಹಿಂದೆ ನಮ್ಮ ನೆಲದಲ್ಲಿ ನಾಯಿಗೆ ಎಷ್ಟು ಬೆಲೆ ಇತ್ತು ಎನ್ನುವುದಕ್ಕೆ ಆ ಕಲ್ಲೇ ಸಾಕ್ಷಿ.

ಮಾಳ, ತಳವಾರ, ಕೋವಿ

ಮಲೆನಾಡಿನ ಗದ್ದೆಗಳಲ್ಲಿ ಬೆಳೆ ಕಾಯಲು ಕಂಬಗಳ ಮೇಲೆ ಕಟ್ಟುವ ಸಣ್ಣ ಗುಡಿಸಲಿಗೆ ಮಾಳ ಎನ್ನುತ್ತಾರೆ. ಬಯಲುಸೀಮೆಯಲ್ಲಿ ಅದೇ ಅಟ್ಟಣೆ. ರಾತ್ರಿಯಿಡೀ ಅಲ್ಲಿ ಕೂತವನ ಹತ್ತಿರ ಒಂದು ಡಬ್ಬ, ಕೋಲು, ಪಕ್ಕದಲ್ಲಿ ಬೆಂಕಿ. ಹಂದಿ ಬಂದರೆ ಡಬ್ಬ ಬಡಿಯುವುದು, ಕೂ ಹಾಕುವುದು. ಈ ಮಾಳದ ಕೂಗಿಗೆ ಆಚೆ ಮಾಳದಿಂದ ಮರುಕೂಗು ಬರುತ್ತಿತ್ತು. ನಾನು ಎಚ್ಚರವಿದ್ದೇನೆ, ನೀನೂ ಇದ್ದೀಯಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಬಗೆ ಅದು.

ಊರಿನ ಕಾವಲಿಗೆ ತಳವಾರರಿದ್ದರು. ಹಳ್ಳಿಯ ಆಯಗಾರರಲ್ಲಿ ಒಬ್ಬನಾದ ತಳವಾರ ರಾತ್ರಿ ಗಸ್ತು ತಿರುಗಬೇಕು, ಹೊಸಬರ ಮೇಲೆ ಕಣ್ಣಿಡಬೇಕು, ಕಳ್ಳರ ಜಾಡು ಹಿಡಿಯಬೇಕು. ಅದಕ್ಕೆ ಪ್ರತಿಯಾಗಿ ಇನಾಂ ಭೂಮಿ, ಸುಗ್ಗಿಯಲ್ಲಿ ಕಾಳು. ಈ ಪದ್ಧತಿಯನ್ನು ಹಾಡಿ ಹೊಗಳುವ ಆಸೆ ನಮಗಿಲ್ಲ. ಹುಟ್ಟಿನಿಂದಲೇ ಒಬ್ಬನ ತಲೆಗೆ ಕಟ್ಟಿದ ಚಾಕರಿ ಅದು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳು ಹೋದವು. ಹೋಗಬೇಕಾದದ್ದೇ ಹೋಯಿತು. ಆದರೆ ರಾತ್ರಿ ಎಚ್ಚರವಿರುವ ಕೆಲಸವನ್ನು ಆಮೇಲೆ ಯಾರು ಮಾಡಬೇಕು ಎಂಬ ಪ್ರಶ್ನೆ ದೂರದ ಮನೆಗಳ ಪಾಲಿಗೆ ಹಾಗೇ ಉಳಿಯಿತು.

ಕೊಡಗಿನದು ಇನ್ನೊಂದು ದಾರಿ. ಅಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ಒಂದೊಂದು ಕುಟುಂಬದ ಐನ್‌ಮನೆ ಒಂದೊಂದು ಗುಡ್ಡದ ಮಗ್ಗುಲಲ್ಲಿ. ಅಲ್ಲಿ ಸುದ್ದಿ ಮುಟ್ಟಿಸುತ್ತಿದ್ದದ್ದು ಕೋವಿ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು. ಕೇಳಿದವರು ಎಣಿಸಿ ಅರ್ಥ ಮಾಡಿಕೊಂಡು, ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಿದ್ದರು. ಕೊಡವರಿಗೆ ಬಂದೂಕು ಪರವಾನಗಿಯಿಂದ ಬ್ರಿಟಿಷರ ಕಾಲದಲ್ಲಿ ಸಿಕ್ಕಿದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. ಉಳಿದ ಮಲೆನಾಡಿನಲ್ಲಿ ಬೆಳೆ ರಕ್ಷಣೆಗೆ ಪರವಾನಗಿ ಪಡೆದ ಕೋವಿಗಳಿವೆ. ಆದರೆ ಚುನಾವಣೆ ಬಂತೆಂದರೆ ಅವನ್ನು ಠಾಣೆಯಲ್ಲಿ ಜಮೆ ಮಾಡಬೇಕು.

ಬಾಸ್ಟನ್‌ನ ತಂತಿ

ಮನುಷ್ಯನ ಬದಲು ಯಂತ್ರವೇ ಎಚ್ಚರವಿರುವ ಕಾಲ ಶುರುವಾಗಿದ್ದು ಅಮೆರಿಕದಲ್ಲಿ. 1853ರಲ್ಲಿ ಮ್ಯಾಸಚೂಸೆಟ್ಸ್‌ನ ಅಗಸ್ಟಸ್ ಪೋಪ್ ವಿದ್ಯುತ್ ಅಲಾರಂಗೆ ಪೇಟೆಂಟ್ ಪಡೆದ. ಉಪಾಯ ಸರಳ. ಬಾಗಿಲು, ಕಿಟಕಿಗಳಿಗೆ ತಂತಿ ಕಟ್ಟಿ ಬ್ಯಾಟರಿಗೆ ಜೋಡಿಸುವುದು. ಬಾಗಿಲು ತೆರೆದರೆ ಎರಡು ಲೋಹದ ತುದಿಗಳು ಕೂಡಿ ವಿದ್ಯುತ್ ಹರಿಯುತ್ತದೆ, ವಿದ್ಯುತ್ಕಾಂತ ಸುತ್ತಿಗೆಯನ್ನು ಆಡಿಸುತ್ತದೆ, ಗಂಟೆ ಬಾರಿಸುತ್ತದೆ. ಕಳ್ಳ ಗಾಬರಿಯಲ್ಲಿ ಮತ್ತೆ ಬಾಗಿಲು ಮುಚ್ಚಿದರೂ ಗಂಟೆ ನಿಲ್ಲುವುದಿಲ್ಲ.

1857ರಲ್ಲಿ ಎಡ್ವಿನ್ ಹೋಮ್ಸ್ ಆ ಹಕ್ಕು ಕೊಂಡು ಬಾಸ್ಟನ್‌ನಲ್ಲಿ ವ್ಯಾಪಾರ ಶುರು ಮಾಡಿದ. ಆಮೇಲೆ ನ್ಯೂಯಾರ್ಕಿಗೂ ಹೋದ. ಮನೆಯಲ್ಲಿ ಬರೀ ಗಂಟೆ ಬಾರಿಸಿದರೆ ಸಾಲದು ಎಂದು ಅವನ ಕಂಪನಿಗೆ ಬೇಗ ಗೊತ್ತಾಯಿತು. ಮನೆ, ಅಂಗಡಿ, ಬ್ಯಾಂಕುಗಳಿಂದ ತಂತಿ ಎಳೆದು ಒಂದು ಕೇಂದ್ರ ಕಚೇರಿಗೆ ಕೂಡಿಸಿದರು. ಅಲ್ಲಿ ಹಗಲು ರಾತ್ರಿ ಜನ ಕೂತಿರುತ್ತಿದ್ದರು. 1877ರಲ್ಲಿ ಬಾಸ್ಟನ್‌ನಲ್ಲಿ ಇವೇ ತಂತಿಗಳ ಮೇಲೆ ಹೋಮ್ಸ್‌ನ ಮಗ ಟೆಲಿಫೋನ್ ವಿನಿಮಯ ನಡೆಸಿ ನೋಡಿದ. ಕಳ್ಳರನ್ನು ಹಿಡಿಯಲು ಎಳೆದ ತಂತಿ ಮಾತು ಹೊರುವುದಕ್ಕೂ ಬಂತು.

ನಮ್ಮಲ್ಲಿ ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬೆಳಕು ಬಂತು. ಕಾಡಂಚಿನ ಮನೆಗಳಿಗೆ ಅದು ತಲುಪಲು ಇನ್ನೂ ಎಷ್ಟೋ ದಶಕ ಬೇಕಾಯಿತು. ತಲುಪಿದ ಮೇಲೂ ಮಳೆಗಾಲದಲ್ಲಿ ಮರ ಬಿದ್ದರೆ ದಿನಗಟ್ಟಲೆ ಕತ್ತಲೆ. ಹೋಮ್ಸ್‌ನ ತಂತಿ ನಗರಕ್ಕೆ ಒಗ್ಗಿದ ವಿದ್ಯೆ. ನಮ್ಮ ಬೆಟ್ಟಗಳಿಗೆ ಅದು ಬರಲೇ ಇಲ್ಲ.

ಸಿಮ್ ಬಂದ ಮೇಲೆ

ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಮೊಬೈಲ್ ಜಾಲ ಹರಡಿದ ಮೇಲೆ ತಂತಿಯಿಲ್ಲದೆಯೇ ದೂರದ ಮನೆ ಕೂಗಬಹುದು ಎನ್ನುವಂತಾಯಿತು. ಗೆಳೆಯ ನೋಡಿಟ್ಟಿದ್ದ ಅಲಾರಂಗಳೆಲ್ಲ ಈ ಜಾತಿಯವೇ. ಬಾಗಿಲಿಗೆ ಅಯಸ್ಕಾಂತದ ಸಂವೇದಕ. ಜಗಲಿಗೆ ಮೈಶಾಖ ಗುರುತಿಸುವ ಸಂವೇದಕ. ಇವು ಕೊಟ್ಟ ಸೂಚನೆಯಿಂದ ಸೈರನ್ ಕೂಗುತ್ತದೆ, ಸಿಮ್‌ನಿಂದ ಕರೆ ಹೋಗುತ್ತದೆ.

ಆದರೆ ಒಂಟಿ ಮನೆಗೆ ಪ್ರತಿಯೊಂದರಲ್ಲೂ ಒಂದೊಂದು ತೊಡಕು. ಮೈಶಾಖದ ಸಂವೇದಕ ನೋಡುವುದು ಸುತ್ತಲಿನ ಬಿಸಿಗೂ ಚಲಿಸುವ ಮೈಯ ಬಿಸಿಗೂ ಇರುವ ವ್ಯತ್ಯಾಸವನ್ನು. ಕಡು ಬೇಸಿಗೆಯಲ್ಲಿ ಆ ವ್ಯತ್ಯಾಸವೇ ಕುಗ್ಗುತ್ತದೆ. ಇನ್ನು ಅಂಗಳದ ಕಡೆ ತಿರುಗಿಸಿಟ್ಟರೆ ದನ, ನಾಯಿ, ಮಂಗಕ್ಕೆಲ್ಲ ಕೂಗುತ್ತದೆ. ನಾಲ್ಕು ಸಲ ಸುಳ್ಳು ಕೂಗಿದರೆ ಐದನೆಯ ಸಲ ಮನೆಯವರೇ ಅದನ್ನು ಆರಿಸಿಬಿಡುತ್ತಾರೆ. ಸಿಮ್‌ನದು ಬೇರೆಯೇ ಕಥೆ. ಅಗ್ಗದ ಹಳೆಯ ಸಾಧನಗಳು 2ಜಿ ಮಾತ್ರ ಬಲ್ಲವು. 2016ರಲ್ಲಿ ಬಂದ ಜಿಯೋ 2ಜಿ ಜಾಲವನ್ನು ಹೊಂದಿಲ್ಲ. ನಮ್ಮ ಗೆಳೆಯನ ಮನೆಯಲ್ಲಿ ಸಿಗುವುದು ಅದೊಂದೇ, ಅದೂ ಹಿತ್ತಲಿನ ಹಲಸಿನ ಮರದ ಹತ್ತಿರ. ಅವನು ಮೆಚ್ಚಿದ್ದ ಅಗ್ಗದ ಅಲಾರಂ ಆ ಮನೆಯಲ್ಲಿ ಮೂಕವಾಗಿ ಕೂರುತ್ತಿತ್ತು.

ಕೊನೆಗೆ ಆರಿಸಿದ್ದು

ಇಷ್ಟು ಓದಿದ ಮೇಲೆ ನಮಗೆ ಒಂದು ಸ್ಪಷ್ಟವಾಯಿತು. ಯಾವ ಕಾಲದ ಕಾವಲಿನಲ್ಲೂ ಮೂರು ಭಾಗಗಳಿವೆ: ಕಾಣುವುದು, ಕೂಗುವುದು, ಬರುವುದು. ಮಾಳದವನು ಕಾಣುವುದರಲ್ಲಿ ತಪ್ಪಬಹುದಿತ್ತು, ತೂಕಡಿಸಬಹುದಿತ್ತು. ಆದರೆ ಅವನು ಕೂಗಿದರೆ ಬರುವವರು ಇದ್ದರು. ಇಂದಿನ ಯಂತ್ರ ತೂಕಡಿಸುವುದಿಲ್ಲ, ಕೂಗುವುದರಲ್ಲೂ ಗಟ್ಟಿ. ಬರುವವರನ್ನು ಮಾತ್ರ ಅದು ಪೆಟ್ಟಿಗೆಯೊಳಗೆ ಇಟ್ಟು ಕೊಡುವುದಿಲ್ಲ.

ಹಾಗಾಗಿ ಮತ್ತೆ ಸಾಗರಕ್ಕೆ ಹೋದಾಗ ನಾವು ಮೊದಲು ಹೋದದ್ದು ಅಂಗಡಿಗಲ್ಲ, ಕೆಳಗಿನ ಕೇರಿಗೆ. ಅಲ್ಲಿ ಮೂರು ಮನೆಗಳು. ಒಂದಕ್ಕೆ ಬೀಗ, ಮಕ್ಕಳೆಲ್ಲ ಬೆಂಗಳೂರಿನಲ್ಲಿ. ಉಳಿದ ಎರಡು ಮನೆಯವರು, “ರಾತ್ರಿ ಫೋನ್ ಬಂದ್ರೆ ಬರ್ತೀವಿ, ನಮ್ಮನೇಲೇನಾದ್ರೂ ಆದ್ರೆ ನೀವೂ ಬರ್ಬೇಕು” ಎಂದರು. ಮಾತು ಆಯಿತು.

ಆಮೇಲೆ ಆರಿಸಿದ್ದು 4ಜಿ ಸಿಮ್ ಹಿಡಿಯುವ, ಕರೆಂಟ್ ಹೋದರೂ ನಡೆಯುವ ಬ್ಯಾಟರಿಯಿರುವ ಸಾಧನ. ಸಿಗ್ನಲ್ ಸಿಗುವ ಹಿತ್ತಲ ಗೋಡೆಗೆ ಅದನ್ನು ಕೂರಿಸಿದೆವು. ಬಾಗಿಲುಗಳಿಗೆ, ಅಡಿಕೆ ಇಡುವ ಕೋಣೆಗೆ ಅಯಸ್ಕಾಂತದ ಸಂವೇದಕ. ಮೈಶಾಖದ್ದು ಒಂದೇ ಒಂದು, ಅದೂ ಕೋಣೆಯ ಒಳಗೆ. ಸೈರನ್‌ನ ಬಾಯಿ ಕೆಳಗಿನ ಕೇರಿಯ ಕಡೆಗೆ. ಕರೆ ಹೋಗುವ ನಂಬರುಗಳ ಸಾಲಿನಲ್ಲಿ ಮೊದಲ ಎರಡು ಕೆಳಗಿನ ಮನೆಗಳವು, ಮೂರನೆಯದು ಊರಿನ ಆಟೋದವನದು. ಮಗನದು ನಾಲ್ಕನೆಯದು. ಅವನಿಗೆ ಸ್ವಲ್ಪ ಬೇಸರವಾಯಿತು. ಆದರೆ ನಡುರಾತ್ರಿ ಬೆಂಗಳೂರಿನಿಂದ ಅವನು ಮಾಡಬಹುದಾದದ್ದು ಮತ್ತೆ ಇದೇ ಎರಡು ಮನೆಗಳಿಗೆ ಫೋನ್ ಮಾಡುವುದಷ್ಟೇ. ತುರ್ತು ಸಂಖ್ಯೆ 112 ಅನ್ನು ಯಂತ್ರಕ್ಕೆ ಕೊಡಲಿಲ್ಲ. ಬಂದು ನೋಡಿದ ಮನುಷ್ಯನೇ ಅದಕ್ಕೆ ಕರೆ ಮಾಡಲಿ ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟೆವು.

ಪರೀಕ್ಷೆಗೆಂದು ಆ ಸಂಜೆ ಕೋಣೆಯ ಬಾಗಿಲು ತೆರೆದೆವು. ಸೈರನ್ ಕಿವಿ ಕಿತ್ತುಹೋಗುವಂತೆ ಕೂಗಿತು. ಕೊಟ್ಟಿಗೆಯ ದನ ಬೆದರಿದವು. ಏಳೆಂಟು ನಿಮಿಷಕ್ಕೆ ತೋಟದ ದಾರಿಯಲ್ಲಿ ಟಾರ್ಚ್ ಬೆಳಕು ಕಂಡಿತು. ಅದರ ಹಿಂದೆಯೇ ಒಂದು ಉದ್ದನೆಯ ಕೂ ಕೇಳಿಸಿತು.

ಅಮ್ಮ ಜಗಲಿಯ ತುದಿಗೆ ಬಂದು ಮರುಕೂಗು ಹಾಕಿದರು. ಆಮೇಲೆ ಒಳಗೆ ಹೋಗಿ ಚಹಾಕ್ಕೆ ಇನ್ನೆರಡು ಲೋಟ ನೀರು ಹೆಚ್ಚಿಗೆ ಇಟ್ಟರು.