ಪಾಪರ್ ದಾವೆ

ವ್ಯಾಪಾರದಲ್ಲಿ ಕೈಸೋತವನನ್ನು ಕುರಿತು ‘ಪಾಪರ್ ಚೀಟಿ ಕೊಟ್ಟ’ ಎಂದು ಹೇಳುವ ರೂಢಿ ನಮ್ಮಲ್ಲಿ ಉಂಟು. ಪಾಪಕ್ಕೂ ಈ ಮಾತಿಗೂ ನಂಟಿಲ್ಲ. ಇಂಗ್ಲಿಷರ ನ್ಯಾಯಾಲಯದ ಪದವಿದು. ಬಡವ ಎಂದಷ್ಟೆ ಅರ್ಥ. ಸಾಲ ತೀರಿಸಲಾರದವನು ದಿವಾಳಿ. ‘ಶುಲ್ಕ ಕಟ್ಟಲಾರೆ, ನನ್ನ ದಾವೆಯನ್ನು ಹಾಗೆಯೇ ಸ್ವೀಕರಿಸಿರಿ’ ಎಂದು ಬೇಡುವವನು ಪಾಪರ್. ಜನರ ಬಾಯಲ್ಲಿ ಎರಡೂ ಒಂದಾಗಿಹೋದವು.

ನ್ಯಾಯ ಕೇಳಲು ಮುಂಗಡ ಹಣ ಕಟ್ಟಬೇಕೆಂಬುದನ್ನು ನಮ್ಮ ಹಳೆಯ ಗ್ರಂಥಗಳು ಹೇಳುವುದಿಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ‘ಮಿತಾಕ್ಷರ’ವನ್ನು ಬರೆದ ವಿಜ್ಞಾನೇಶ್ವರನ ಊರು ಕಲಬುರಗಿ ಜಿಲ್ಲೆಯ ಮರತೂರೆಂದು ಹೇಳುವರು; ಆದುದರಿಂದ ಆತನು ನಮಗೆ ನೆರೆಯವನೇ. ಆತನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯಂತೆ, ರಾಜನ ಮೂಲಕ ಸಾಲ ವಸೂಲಾದಾಗ ಸಾಲಗಾರನು ನೂರಕ್ಕೆ 10, ಹಣ ಕೈಸೇರಿದ ಧನಿಕನು ನೂರಕ್ಕೆ 5 ರಾಜನಿಗೆ ಕೊಡತಕ್ಕದ್ದು. ಕೊಡುವುದು ಉಂಟು, ಆದರೆ ಕೆಲಸವಾದ ಬಳಿಕ. ಕೌಟಿಲ್ಯನಂತೂ ಸ್ತ್ರೀಯರು, ಬಾಲಕರು, ವೃದ್ಧರು, ರೋಗಿಗಳು, ಅನಾಥರು ತಾವಾಗಿ ಬಾರದಿದ್ದರೂ ಧರ್ಮಸ್ಥರೇ ಅವರ ಕಾರ್ಯವನ್ನು ನಡೆಸಬೇಕೆಂದನು. ಆಚರಣೆಯಲ್ಲಿ ಇದೆಷ್ಟು ನಡೆಯಿತೆಂದು ಗ್ರಂಥವನ್ನಷ್ಟೇ ನಂಬಿ ಪ್ರಮಾಣ ಮಾಡಲಾರೆ.

ಕಂಪನಿ ಸರಕಾರವು 1795ರಲ್ಲಿ ಬಂಗಾಳದಲ್ಲಿ ದಾವೆಗಳ ಮೇಲೆ ಶುಲ್ಕ ಹೇರಿದಾಗ ಕೊಟ್ಟ ಕಾರಣ, ಸುಳ್ಳು ವ್ಯಾಜ್ಯಗಳನ್ನು ತಡೆಯುವುದು. ಶುಲ್ಕವು ಸುಳ್ಳನನ್ನು ತಡೆದಂತೆ ಸಾಚಾ ಮನುಷ್ಯನನ್ನೂ ತಡೆಯುತ್ತದೆ. ಈ ಪೀಠಿಕೆ ತೀರ ಅಸಂಬದ್ಧವೆಂದು ಮೆಕಾಲೆಯೇ ಟೀಕಿಸಿದನು. ಆದರೂ 1870ರಲ್ಲಿ ಕೋರ್ಟ್ ಫೀ ಕಾಯಿದೆ ಭದ್ರವಾಗಿ ನೆಲೆಯೂರಿತು. ಬಡವನಿಗೊಂದು ಕಿಂಡಿಯನ್ನು ಬಿಟ್ಟದ್ದು 1859ರ ಸಿವಿಲ್ ಪ್ರಕ್ರಿಯಾ ಸಂಹಿತೆ. ಅದರ ಮೂಲ ಇಂಗ್ಲೆಂಡಿನ ಏಳನೆಯ ಹೆನ್ರಿಯ 1495ರ ಕಾಯಿದೆಯವರೆಗೆ ಹೋಗುತ್ತದೆ. 1908ರ ಸಂಹಿತೆಯಲ್ಲಿ ಇದು 33ನೆಯ ಆದೇಶ.

ಅಫಜಲಪುರ ತಾಲೂಕಿನ ಅತನೂರಿನ ಕಡೆ ಆಗ ನಿಜಾಮರ ಆಳ್ವಿಕೆ. 1884ರಿಂದ ಉರ್ದು ಆಡಳಿತಭಾಷೆ. ಸಿವಿಲ್ ಸಂಹಿತೆಯೂ ಬೇರೆ, ಫಸಲಿ 1323ರದು. ಪಾಪರ್ ಎಂಬಲ್ಲಿ ‘ಮುಫ್ಲಿಸ್’ ಎಂಬ ಮಾತು. ಕನ್ನಡದ ರೈತನು ತನ್ನ ಬಡತನವನ್ನು ಸಹ ಪರಭಾಷೆಯಲ್ಲಿ ಬರೆಯಿಸಬೇಕಾಗಿತ್ತು! ಭಾರತದ ಸಂಹಿತೆ ಇಲ್ಲಿಗೆ ಬಂದುದು 1951ರ ಏಪ್ರಿಲ್ 1ರಂದು.

ಅತನೂರಿನ ಹೆಣ್ಣುಮಗಳೊಬ್ಬಳ ಗಂಡ ತೀರಿಕೊಂಡ, ಮೈದುನರು ಹೊಲದಲ್ಲಿ ಪಾಲು ಕೊಡಲಿಲ್ಲ ಎಂದಿಟ್ಟುಕೊಳ್ಳೋಣ. ಅವಳು ಅರ್ಜಿಯ ಜೊತೆಗೆ ತನ್ನ ಆಸ್ತಿಯ ಪಟ್ಟಿಯನ್ನು ಬೆಲೆ ಸಮೇತ ಕೊಡಬೇಕು. ಹಾಜರಿಯಿಂದ ವಿನಾಯಿತಿ ಇಲ್ಲದಿದ್ದರೆ ತಾನೇ ಹೋಗಿ ಸಲ್ಲಿಸಬೇಕು. ಹಿಂದಿನ ಎರಡು ತಿಂಗಳಲ್ಲಿ ಮೋಸದಿಂದ ಏನನ್ನಾದರೂ ಪರಭಾರೆ ಮಾಡಿದ್ದರೆ ಅರ್ಜಿ ವಜಾ. ಬಳಿಕ ಎದುರಾಳಿಗೂ ಸರಕಾರಿ ವಕೀಲರಿಗೂ ನೋಟೀಸು. ಪಾಲು ಕೊಡದ ಮೈದುನನೇ ನಿಂತು ‘ಇವಳ ಹತ್ತಿರ ಬಂಗಾರ ಐತಿ’ ಎಂದು ಸಾಕ್ಷ್ಯ ಹೇಳಬಹುದು. ಪಾಲಿನ ಮಾತು ಬರುವ ಮೊದಲೇ ಬಡತನದ ವಿಚಾರಣೆ ಮುಗಿಯಬೇಕು. ನೆರೆಹೊರೆಯ ಮುಂದೆ ಇಲ್ಲದತನವನ್ನು ಮುಚ್ಚಿಟ್ಟು ಬಾಳಿದವಳಿಗೆ ಇದು ಶುಲ್ಕಕ್ಕಿಂತ ದುಬಾರಿ ಎಂಬುದು ನನ್ನ ಅಭಿಪ್ರಾಯ.

ಇಷ್ಟಾದರೂ ಶುಲ್ಕ ಮಾಫಿಯಲ್ಲ, ಮುಂದಕ್ಕೆ ಹಾಕಿದ್ದು ಮಾತ್ರ. ಗೆದ್ದರೆ ಆ ಹಣಕ್ಕೆ ದಾವೆಯ ಸ್ವತ್ತಿನ ಮೇಲೆ ಸರಕಾರದ್ದೇ ಮೊದಲ ಹಕ್ಕು. ಸೋತರೆ ಅವಳೇ ಕಟ್ಟಬೇಕೆಂದು ಆಜ್ಞೆ. ಭೂಕಂದಾಯದ ಬಾಕಿಯಂತೆ ವಸೂಲು.

1976ರ ತಿದ್ದುಪಡಿಯು ಪಾಪರ್ ಶಬ್ದವನ್ನು ತೆಗೆದು ‘ನಿರ್ಗತಿಕ ವ್ಯಕ್ತಿ’ ಎಂದಿತು. ಶುಲ್ಕ ಗೊತ್ತುಪಡಿಸದ ದಾವೆಗಳಲ್ಲಿ ಇದ್ದ 100 ರೂಪಾಯಿ ಆಸ್ತಿಯ ಮಿತಿಯನ್ನು 1000ಕ್ಕೆ ಏರಿಸಿತು. ವಕೀಲರಿಲ್ಲದವರಿಗೆ ವಕೀಲರನ್ನು ನೇಮಿಸುವ ಅಧಿಕಾರವೂ ನ್ಯಾಯಾಲಯಕ್ಕೆ ಬಂತು. 1979ರಲ್ಲಿ ಹರಿಯಾಣದ ಮೊಕದ್ದಮೆಯೊಂದರಲ್ಲಿ, ಅಪಘಾತದಲ್ಲಿ ಮನೆಯ ಯಜಮಾನನನ್ನು ಕಳೆದುಕೊಂಡ ಬಡ ವಿಧವೆಯಿಂದ ಶುಲ್ಕ ಬೇಕೆಂದು ಸರಕಾರ ಸುಪ್ರೀಂ ಕೋರ್ಟಿನವರೆಗೆ ಹೋದಾಗ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ಸರಕಾರವನ್ನೇ ಗದರಿಸಿದರು. 2001ರಲ್ಲಿ ಅದೇ ಕೋರ್ಟು, ಕಂಪನಿಯೊಂದು ಕೂಡ ನಿರ್ಗತಿಕವೆಂದು ದಾವೆ ಹೂಡಬಹುದೆಂದಿತು. ಪಾಪರ್ ಚೀಟಿಯ ಮಾತು ಕೊನೆಗೂ ವ್ಯಾಪಾರಿಯ ಕಡೆಗೇ ಬಂತು.

ಅತನೂರಿನ ಆ ಹೆಣ್ಣುಮಗಳಿಗೆ ಈಗ ಇನ್ನೊಂದು ದಾರಿ ಉಂಟು. 1987ರ ಕಾನೂನು ಸೇವೆಗಳ ಕಾಯಿದೆ 1995ರಲ್ಲಿ ಜಾರಿಗೆ ಬಂದ ಮೇಲೆ, ಮಹಿಳೆಯು ತನ್ನ ವರಮಾನವನ್ನು ತೋರಿಸದೆಯೇ ತಾಲೂಕು ಕಾನೂನು ಸೇವಾ ಸಮಿತಿಯ ನೆರವನ್ನು ಕೇಳಬಹುದು. ಕೋರ್ಟ್ ಶುಲ್ಕವೂ ಆ ನೆರವಿನಲ್ಲಿ ಸೇರಿದೆ.